ಬಿಸಿಲೇರಿದಂತೆ ತೂಕ ಏರುವ ತಕ್ಕಡಿ

ಎಲೆಕ್ಟ್ರಾನಿಕ್ಸ್ ಲ್ಯಾಬಿನ ಇನ್‌ಸ್ಟ್ರಕ್ಟರ್ ಎಂದರೆ ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಾನು ಬೀಗದ ಕೈ ಗೊಂಚಲನ್ನು ತೋರಿಸುತ್ತಿದ್ದೆ. ತಮಾಷೆಗಲ್ಲ. ಕೆಲಸಕ್ಕೆ ಸೇರಿದ ದಿನ ನನ್ನ ಕೈಗೆ ಕೊಟ್ಟದ್ದು ಅದೊಂದನ್ನೇ. ನಿವೃತ್ತಿಯ ದಿನ ಹಾರ ಹಾಕುವುದಕ್ಕೂ ಮೊದಲು ವಾಪಸು ಇಸಿದುಕೊಂಡದ್ದೂ ಅದನ್ನೇ. ನಡುವೆ ನಡೆದದ್ದನ್ನು ಯಾರೂ ವಾಪಸು ಕೇಳಲಿಲ್ಲ, ಹಾಗಾಗಿ ಅದು ನನ್ನ ಬಳಿಯೇ ಉಳಿದಿದೆ. ಈಗ ನನ್ನ ಜಾಗಕ್ಕೆ ಇಬ್ಬರು ಹೊಸಬರು ಬಂದಿದ್ದಾರೆ. ಇಬ್ಬರೂ ನನಗಿಂತ ಹೆಚ್ಚು ಓದಿಕೊಂಡವರು. ಅವರಿಗೆ ಪಾಠ ಹೇಳುವ ಆಸೆ ನನಗಿಲ್ಲ. ಪಾಠದ ಆಚೆಗೆ ಏನೇನು ಬಂದು ತಗಲಿಕೊಳ್ಳುತ್ತದೆ ಎಂದು ಮೊದಲೇ ಹೇಳಿಬಿಟ್ಟರೆ ಬೆಚ್ಚಿಬೀಳುವುದು ತಪ್ಪುತ್ತದೆ, ಅಷ್ಟೇ.

ನಮ್ಮದು ಆಂಡರ್ಸನ್‌ಪೇಟೆಯ ಒಂದು ಸಮುದಾಯ ಕಾಲೇಜು. ಇಲ್ಲಿ ಸೇರುವವರ ವಯಸ್ಸು ಕೇಳುವುದಿಲ್ಲ. ಮಾರ್ಕ್ಸ್ ಕಾರ್ಡು ಕೇಳುತ್ತಾರೆ, ಆದರೆ ನೋಡಿ ಮುಖ ಸಿಂಡರಿಸುವುದಿಲ್ಲ. ಹತ್ತನೇ ತರಗತಿ ದಾಟಿದ್ದರೆ ಸಾಕು. ಬೆಳಗ್ಗೆ ಎಲ್ಲಾದರೂ ದುಡಿದು, ಊಟ ಮುಗಿಸಿ, ಮಧ್ಯಾಹ್ನ ಲ್ಯಾಬಿಗೆ ಬಂದು ಎಲೆಕ್ಟ್ರಾನಿಕ್ಸ್ ಕಲಿತು ಡಿಪ್ಲೊಮಾ ತೆಗೆದುಕೊಂಡು ಹೋಗಬಹುದು. ಆಟೋ ಓಡಿಸುವವರು, ಸೈಕಲ್ ಶಾಪಿನವರು, ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಹೆಂಗಸರು, ಇಲ್ಲಿನ ಚಿನ್ನದ ಗಣಿ ಮುಚ್ಚಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಕೂತಿದ್ದ ಮನೆಗಳ ಮಕ್ಕಳು, ಎಲ್ಲರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ನಮ್ಮಪ್ಪ ಚಿತ್ರದುರ್ಗದ ಕಡೆಯಿಂದ ಇಲ್ಲಿನ ಕಾರ್ಖಾನೆಗೆ ಬಂದವರು. ಆದ್ದರಿಂದ ನನ್ನ ಕನ್ನಡ ಇಲ್ಲಿಯವರಿಗೆ ರೇಡಿಯೋ ವಾರ್ತೆಯ ಹಾಗೆ ಕೇಳುತ್ತಿತ್ತಂತೆ. ನಾನು ಕನ್ನಡದಲ್ಲಿ ಪಾಠ ಹೇಳುತ್ತಿದ್ದೆ, ಅವರು ತಮಿಳಿನಲ್ಲಿ ಅನುಮಾನ ಕೇಳುತ್ತಿದ್ದರು, ತೆಲುಗಿನಲ್ಲಿ ಕಾಪಿ ಹೊಡೆಯುತ್ತಿದ್ದರು. ರೆಸಿಸ್ಟರಿಗೆ ಮೂರು ಭಾಷೆಯಲ್ಲೂ ರೆಸಿಸ್ಟರ್ ಎಂದೇ ಹೇಳುವುದರಿಂದ ತೊಂದರೆಯೇನೂ ಆಗಲಿಲ್ಲ.

ಮೇಲಧಿಕಾರಿಗಳ ವಿಷಯ ಮೊದಲು ಹೇಳಿಬಿಡುತ್ತೇನೆ. ನಾನು ಸೇರಿದಾಗ ವಿಭಾಗದ ಮುಖ್ಯಸ್ಥರಾಗಿದ್ದವರು ವೆಂಕಟಾಚಲಯ್ಯನವರು. ಒಳ್ಳೆಯ ಮನುಷ್ಯ, ಯಾರಿಗೂ ಕೆಡುಕು ಬಯಸಿದವರಲ್ಲ. ಆದರೆ ಯಾವ ಸಾಮಾನೂ ಸವೆಯಬಾರದು ಎಂಬುದು ಅವರ ವ್ರತ. ಲ್ಯಾಬಿಗೆ ಹೊಸದಾಗಿ ಒಂದು ಆಸಿಲೋಸ್ಕೋಪ್ ಬಂದಿತ್ತು. ವೋಲ್ಟೇಜು ಹೇಗೆ ಏರಿಳಿಯುತ್ತದೆ ಎಂದು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರ ಅದು. ವೆಂಕಟಾಚಲಯ್ಯನವರು ಅದಕ್ಕೆ ಮೊದಲು ಪ್ಲಾಸ್ಟಿಕ್ಕು, ಅದರ ಮೇಲೆ ಬಿಳಿ ಪಂಚೆ, ಪಂಚೆಯ ಮೇಲೆ ಹಗ್ಗ ಕಟ್ಟಿ ಬೀರುವಿನಲ್ಲಿಟ್ಟರು. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ ಪಂಚೆ ಸರಿಸಿ ತೋರಿಸುತ್ತಿದ್ದರು. ಯಾರೂ ಮುಟ್ಟುವಂತಿರಲಿಲ್ಲ. ಕೆಲವು ಹುಡುಗರು ಅಭ್ಯಾಸಬಲದಿಂದ ಕೈ ಮುಗಿದು ಮುಂದೆ ಹೋಗುತ್ತಿದ್ದರು.

ಅವರು ನಿವೃತ್ತರಾದ ಮೇಲೆ ನಾವು ಹಗ್ಗ ಬಿಚ್ಚಿದೆವು. ಯಂತ್ರ ಮದುಮಗಳ ಹಾಗೆ ಫಳಫಳ ಹೊಳೆಯುತ್ತಿತ್ತು. ಸ್ವಿಚ್ಚು ಹಾಕಿದರೆ ಏನೂ ಬರಲಿಲ್ಲ. ಬಳಸದೆ ಇಟ್ಟರೆ ಒಳಗಿನ ಕೆಪಾಸಿಟರುಗಳು ಒಣಗಿ ಸಾಯುತ್ತವೆ. ಪ್ರಿನ್ಸಿಪಾಲರು ವಿಚಾರಣೆ ಮಾಡಿದರು.

“ಯಾರು ಕೆಡಿಸಿದ್ದು?”

“ಯಾರೂ ಮುಟ್ಟಿಲ್ಲ ಸಾರ್.”

“ಮುಟ್ಟದೆ ಹೇಗೆ ಕೆಡುತ್ತೆ?”

“ಅದಕ್ಕೇ ಕೆಟ್ಟಿದ್ದು ಸಾರ್.”

ನನ್ನ ಉತ್ತರವನ್ನು ಉದ್ಧಟತನ ಎಂದು ಬರೆದುಕೊಂಡರು. ಹೊಸಬರು ಗಮನಿಸಿ: ನಿಜವಾದ ಕಾರಣ ಹೇಳಿದರೆ ಸಾಮಾನ್ಯವಾಗಿ ಹೀಗೇ ಆಗುತ್ತದೆ.

ಇನ್ನು ವಿದ್ಯಾರ್ಥಿಗಳು. ಅಂತೋಣಿ ಎಂಬ ಆಟೋ ಚಾಲಕ ನಮ್ಮಲ್ಲಿ ಓದುತ್ತಿದ್ದ. ಬಹಳ ಚುರುಕು. ಮೀಟರು ಸಿಗಲಿಲ್ಲ ಎಂದರೆ ಕಾಯುತ್ತ ಕೂರುವ ಜಾಯಮಾನ ಅವನದಲ್ಲ. ರೇಡಿಯೋ ಬ್ಯಾಟರಿಯನ್ನು ನಾಲಿಗೆಗೆ ತಾಗಿಸಿ ಚುರುಗುಟ್ಟಿದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ತೀರ್ಮಾನ ಮಾಡುತ್ತಿದ್ದ. ತೀರ್ಮಾನ ಯಾವಾಗಲೂ ಸರಿಯಾಗಿರುತ್ತಿತ್ತು, ಅದೇ ತೊಂದರೆ. ಒಂದು ದಿನ ಬಹಳ ಗಂಭೀರವಾಗಿ ಬಂದು ಕೇಳಿದ.

“ಮಿಸ್, ನಾಲಿಗೆ ಎಷ್ಟು ವೋಲ್ಟ್‌ಗಂಟ ತಾಂಗುತ್ತೆ?”

“ಯಾಕಪ್ಪ?”

“ಸುಮ್ನೆ ಮಿಸ್. ಆಟೋ ಬ್ಯಾಟ್ರಿ ಡೌಟ್ ಇದೆ.”

ಅವತ್ತು ಸಂಜೆಯೇ ನಾನು ದೊಡ್ಡ ಅಕ್ಷರದಲ್ಲಿ ‘ನಾಲಿಗೆ ಉಪಕರಣವಲ್ಲ’ ಎಂದು ಬರೆದು ಲ್ಯಾಬಿನ ಬಾಗಿಲಿಗೆ ಅಂಟಿಸಿದೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದನ್ನು ಸುಭಾಷಿತ ಎಂದು ತಿಳಿದು ತುಂಬ ಮೆಚ್ಚಿಕೊಂಡರು. ತಮ್ಮ ಕಚೇರಿಯಲ್ಲೂ ಹಾಕಿಸುವುದಾಗಿ ಹೇಳಿ ಹೋದರು.

ಕೆಲಸದ ರೀತಿ ನನ್ನ ಕಣ್ಣೆದುರಿಗೇ ಪೂರ್ತಿ ಬದಲಾಯಿತು. ನಾನು ಸೇರಿದಾಗ ರಿಪೇರಿ ಎಂದರೆ ಕೆಟ್ಟ ಭಾಗವನ್ನು ಹುಡುಕುವುದು. ಒಂದು ಟಿವಿ ಬಿಚ್ಚಿದರೆ ಎಲ್ಲಿ ತಂತಿ ಬಿಟ್ಟಿದೆ, ಎಲ್ಲಿ ಬೆಸುಗೆ ಸಡಿಲವಾಗಿದೆ ಎಂದು ಹುಡುಕುತ್ತ ಒಂದು ದಿನ ಕಳೆಯಬಹುದಿತ್ತು. ಈಗ ಬೋರ್ಡಿಗೆ ಬೋರ್ಡೇ ಬದಲಿಸುತ್ತಾರೆ. ಬೆಸುಗೆಯ ಕಡ್ಡಿಯ ಬದಲು ಬಿಸಿಗಾಳಿ, ಭೂತಗನ್ನಡಿಯ ಬದಲು ಮೈಕ್ರೋಸ್ಕೋಪು. ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಹಳೆಯ ಬೆಸುಗೆ ಹೊಗೆಗೆ ನನ್ನ ಎದೆ ಇನ್ನೂ ಗೊರಗೊರ ಎನ್ನುತ್ತದೆ. ಆದರೆ ಒಂದು ಅಭ್ಯಾಸ ಕೈಬಿಟ್ಟುಹೋಯಿತು. ಕೆಟ್ಟ ಸಾಮಾನು ಎಲ್ಲಿ ಇತ್ತೋ ಅಲ್ಲಿಗೇ ಹೋಗಿ ನೋಡುವುದನ್ನು ಬಿಟ್ಟೆವು. ಸಾಮಾನು ನಮ್ಮ ಮೇಜಿಗೆ ಬರುತ್ತದೆ, ಮೇಜಿನ ಮೇಲೆ ಸರಿಯಾಗಿರುತ್ತದೆ, ಮನೆಗೆ ಹೋದ ಕೂಡಲೇ ಮತ್ತೆ ಕೆಡುತ್ತದೆ.

ನಂದಿದುರ್ಗ ಗಣಿಯ ಕಾರ್ಮಿಕರ ಲೈನು ಮನೆಗಳಲ್ಲಿ ಒಂದು ಮನೆಯ ಟಿವಿ ಭಾನುವಾರ ಬೆಳಗ್ಗೆ ಮಾತ್ರ ನಡುಗುತ್ತಿತ್ತು. ಆ ಮನೆಯ ಹುಡುಗಿ ನಮ್ಮ ವಿದ್ಯಾರ್ಥಿನಿ. ಸೆಟ್ಟನ್ನು ಆಟೋದಲ್ಲಿ ಹಾಕಿಕೊಂಡು ಬರುತ್ತಾಳೆ, ನಾವು ನೋಡುತ್ತೇವೆ, ಏನೂ ಇಲ್ಲ. ಭಾನುವಾರ ಏನು ವಿಶೇಷ ಎಂದು ಕೇಳಿದರೆ ಚರ್ಚಿಗೆ ಹೊಸ ಮೈಕು ತಂದಿದ್ದಾರೆ ಎಂದಳು. ಆ ಸಾಲಿನವರೆಲ್ಲ ಮೈಕಿನ ಮೇಲೆಯೇ ಗುಮಾನಿಪಟ್ಟು, ಪಾದ್ರಿಗಳ ಹತ್ತಿರ ಮಾತಾಡುವುದು ಹೇಗೆ ಎಂದು ಗುಟ್ಟಾಗಿ ಸಭೆ ಸೇರುವ ಮಟ್ಟಕ್ಕೆ ಹೋಗಿದ್ದರು. ನಾನು ಒಂದು ಭಾನುವಾರ ಹೋಗಿ ಕೂತೆ. ಪಕ್ಕದ ಮನೆಯಲ್ಲಿ ಮಟನ್ ಸಾರಿಗೆ ಮಸಾಲೆ ರುಬ್ಬತೊಡಗಿದರು, ಇಲ್ಲಿ ಟಿವಿ ನಡುಗತೊಡಗಿತು. ಎರಡು ಮನೆಗೂ ಸೇರಿ ಒಂದೇ ತಂತಿ. ಮಿಕ್ಸಿ ಹಳೆಯದು, ಕಿಡಿ ಹಾರುತ್ತಿತ್ತು. ಮಸಾಲೆಯನ್ನು ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, “ಅದು ಎಲ್ಲಾ ಸಂಡೇನೂ ಮಾಡೋದೇ ಅಲ್ವಾ ಮಿಸ್, ಅದ್ರಲ್ಲಿ ಏನು ಸ್ಪೆಷಲ್ಲು?” ಎಂದಳು. ಚರ್ಚಿನ ಮೈಕು ಉಳಿಯಿತು. ನನಗೂ ಊಟ ಹಾಕಿ ಕಳಿಸಿದರು.

ಇಷ್ಟು ಹೇಳಿದ್ದು ರತ್ನಮ್ಮನವರ ವಿಷಯಕ್ಕೆ ಬರಲು. ನನ್ನ ಕೆಲಸದಲ್ಲಿ ಬಡ್ತಿ ಎಷ್ಟು ಸಿಕ್ಕಿತು ಎಂಬುದು ಮರೆತಿದೆ, ಈ ಸಂಗತಿ ಮರೆತಿಲ್ಲ.

ರತ್ನಮ್ಮ ಕಾಮಸಮುದ್ರದ ಕಡೆಯ ಒಂದು ಹಳ್ಳಿಯವರು. ಆಗ ನಲವತ್ತರ ಆಸುಪಾಸು. ಹಳ್ಳಿಯ ಹಾಲಿನ ಡೈರಿಯಲ್ಲಿ ಬೆಳಗ್ಗೆ, ಸಂಜೆ ಊರವರ ಹಾಲು ತೂಕ ಹಾಕಿ ತೆಗೆದುಕೊಳ್ಳುವ ಕೆಲಸ. ನಡುವೆ ಸಿಗುವ ಹೊತ್ತಿನಲ್ಲಿ ಬಸ್ಸು ಹಿಡಿದು ನಮ್ಮ ಕಾಲೇಜಿಗೆ ಬರುತ್ತಿದ್ದರು. ಸೇರುವಾಗ ಯಾಕೆ ಈ ಕೋರ್ಸು ಎಂದು ಎಲ್ಲರನ್ನೂ ಕೇಳುವುದು ರೂಢಿ. ಸ್ವಂತ ಅಂಗಡಿ, ಕಾರ್ಖಾನೆ ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ರತ್ನಮ್ಮ ಹೇಳಿದ್ದು ಬೇರೆ.

“ನಂಗೆ ಡಿಪ್ಲೊಮಾ ಗಿಪ್ಲೊಮಾ ಬ್ಯಾಡ ಮೇಡಂ. ನಮ್ ಡೈರಿ ತಕ್ಕಡಿ ಯಾಕ ಸುಳ್ಳೇಳ್ತದೆ ಅಂತ ತಿಳುದ್ರೆ ಸಾಕು. ಅದು ತಿಳಿದ್ ದಿನಾನೇ ಬಿಟ್ಟೋಯ್ತೀನಿ.”

ಕಥೆ ಇಷ್ಟು. ಡೈರಿಗೆ ಹಿಂದಿನ ವರ್ಷ ಹೊಸ ಎಲೆಕ್ಟ್ರಾನಿಕ್ ತಕ್ಕಡಿ ಬಂದಿತ್ತು. ಬಂದ ಕೆಲವು ತಿಂಗಳಿಗೆ, ಧನುರ್ಮಾಸದಲ್ಲಿ, ಒಂದು ವಿಚಿತ್ರ ಶುರುವಾಯಿತು. ಬೆಳಗಿನ ಹೊತ್ತು ಮೊದಲು ಬಂದವರ ಹಾಲಿಗಿಂತ ಕೊನೆಗೆ ಬಂದವರ ಹಾಲು ಹೆಚ್ಚು ತೂಗುತ್ತಿತ್ತು. ಇದನ್ನು ಕಂಡುಹಿಡಿದವರು ತಿಮ್ಮಕ್ಕ ಎಂಬ ಮುದುಕಿ. ಎರಡು ಹಸು ಕಟ್ಟಿಕೊಂಡಿದ್ದವರು, ಯಾವಾಗಲೂ ಸಾಲಿನಲ್ಲಿ ಮೊದಲಿಗರು. ಒಂದು ದಿನ ಮೊಮ್ಮಗಳಿಗೆ ಜ್ವರ ಬಂದು ತಡವಾಗಿ ಹೋದರು. ಅದೇ ಹಸು, ಅದೇ ಕ್ಯಾನು, ರತ್ನಮ್ಮ ಓದಿ ಹೇಳಿದ ತೂಕ ಮಾತ್ರ ಜಾಸ್ತಿ. ಮನೆಗೆ ಬಂದು ಯೋಚಿಸಿದರು. ಇವತ್ತು ಇಷ್ಟು ಬಂತೆಂದರೆ ಇಷ್ಟು ದಿನ ನನ್ನ ಹಾಲು ಎಲ್ಲಿ ಹೋಯಿತು? ದಿನಾ ಕೊನೆಗೆ ಬರುವವರು ಯಾರು ಎಂದು ನೋಡಿದರೆ, ಊರಾಚೆ ತೋಟದ ಮನೆಯಲ್ಲಿರುವ ರತ್ನಮ್ಮನ ಭಾವ. ಅಲ್ಲಿಗೆ ಲೆಕ್ಕ ಸರಿಹೋಯಿತು.

ಅದರ ಮೇಲೆ ಇನ್ನೊಂದು. ಡೈರಿಯಲ್ಲಿ ತೂಗಿದ ಹಾಲು ಲಾರಿಗೆ ತುಂಬುವಾಗ ಕಡಿಮೆ ಬರುತ್ತಿತ್ತು. ನಡುವೆ ಕಡಿಮೆಯಾದ ಹಾಲನ್ನು ಯಾರು ಮನೆಗೆ ಒಯ್ದರು ಎಂದು ಊರು ಕೇಳಿತು. ಕಂಪನಿಯ ಎಂಜಿನಿಯರು ಬಂದು, ತೂಕದ ಬಟ್ಟು ಇಟ್ಟು ಪರೀಕ್ಷೆ ಮಾಡಿ, ಯಂತ್ರ ಸರಿಯಾಗಿಯೇ ಇದೆ ಎಂದು ಹೇಳಿ ಹೋದ. ಯಂತ್ರ ಸರಿಯಿದೆ ಎಂದ ಮೇಲೆ ಉಳಿದದ್ದು ರತ್ನಮ್ಮ ಒಬ್ಬರೇ. ತಿಮ್ಮಕ್ಕ ಡೈರಿಯ ಮುಂದೆಯೇ ನಿಂತು ಕಳ್ಳಿ ಎಂದು ಕೂಗಿ, ಹಾಲನ್ನು ಹೋಟೆಲಿನವನಿಗೆ ಹಾಕತೊಡಗಿದರು. ಧನುರ್ಮಾಸ ಮುಗಿಯಿತು, ಏರುಪೇರು ತಾನಾಗಿ ನಿಂತಿತು, ಮಾತು ಮಾತ್ರ ನಿಲ್ಲಲಿಲ್ಲ.

ಈಗ ಮತ್ತೆ ಧನುರ್ಮಾಸ ಬಂದಿತ್ತು, ತಕ್ಕಡಿ ಮತ್ತೆ ಶುರುಮಾಡಿತ್ತು. ಬರುವ ಭಾನುವಾರ ಡೈರಿ ನಡೆಸುವ ಹಾಲಿನ ಸಂಘದ ಸಭೆ ಸೇರಿ ರತ್ನಮ್ಮನನ್ನು ಕೆಲಸದಿಂದ ತೆಗೆಯುವುದು ಎಂದು ಆಗಲೇ ಮಾತಾಗಿತ್ತು.

“ಕೆಲ್ಸ ಓದ್ರೆ ಓಗ್ಲಿ ಮೇಡಂ. ಇನ್ನೆರಡು ಅಸು ಕಟ್ಕೊಂತೀನಿ. ಅದೇ ಊರಾಗೆ ಬದುಕ್ಬೇಕಲ್ಲ, ಕಳ್ಳಿ ಅನ್ನಿಸ್ಕೊಂಡು ಎಂಗೆ ಬದುಕ್ಲಿ?”

ಹೀಗೆ ಹೇಳುವಾಗ ರತ್ನಮ್ಮ ಅಳಲಿಲ್ಲ, ಕೈಯಲ್ಲಿದ್ದ ತಂತಿಯ ಸಿಪ್ಪೆ ಸುಲಿಯುತ್ತಲೇ ಇದ್ದರು. ಸುಲಿಯಬೇಕಾದದ್ದಕ್ಕಿಂತ ಬಹಳ ಹೆಚ್ಚು ಸುಲಿದಿದ್ದರು.

ನಾವು ಮೊದಲು ಚಳಿಯ ಮೇಲೆ ಅನುಮಾನಪಟ್ಟೆವು. ಲ್ಯಾಬಿನಲ್ಲಿ ಅಂಥದೇ ಒಂದು ತಕ್ಕಡಿ ಇತ್ತು. ಮೀನಿನ ಅಂಗಡಿಯಿಂದ ಐಸು ತಂದು ಸುತ್ತ ಪೇರಿಸಿ ತೂಕ ನೋಡಿದೆವು. ತಕ್ಕಡಿ ಬಹಳ ದಿನ ಮೀನಿನ ವಾಸನೆ ಹೊಡೆಯಿತು, ತೂಕದಲ್ಲಿ ಮಾತ್ರ ಏನೂ ವ್ಯತ್ಯಾಸ ಬರಲಿಲ್ಲ. ಆಮೇಲೆ ಊರಿನ ಪಂಪ್‌ಸೆಟ್ಟುಗಳ ಮೇಲೆ ಅನುಮಾನಪಟ್ಟು ವೋಲ್ಟೇಜು ಏರಿಳಿಸಿ ನೋಡಿದೆವು. ಅದಕ್ಕೂ ತಕ್ಕಡಿ ಕ್ಯಾರೇ ಅನ್ನಲಿಲ್ಲ. ಸಂಜೆ ಹೊತ್ತು ಸರಿಯಾಗಿರುತ್ತದೆ, ಬೆಳಗ್ಗೆ ಮಾತ್ರ ತಪ್ಪುತ್ತದೆ ಎನ್ನುವುದೊಂದು ಕೈಯಲ್ಲಿತ್ತು.

“ಬೆಳಗ್ಗೆ ಮಾಡಿ ಸಂಜೆ ಮಾಡದೆ ಇರೋದು ಏನಾದರೂ ಇದೆಯಾ ರತ್ನಮ್ಮ? ಯೋಚನೆ ಮಾಡಿ ಹೇಳಿ.”

ಅವರು ನಿಜವಾಗಿಯೂ ಯೋಚನೆ ಮಾಡಿದರು. “ಏನೂ ಇಲ್ಲ ಮೇಡಂ. ಬೀಗ ತೆಗಿತೀನಿ, ಕಸ ಗುಡುಸ್ತೀನಿ, ಸುಚ್ಚಾಕ್ತೀನಿ, ಬಕೀಟು ಮಡಗ್ತೀನಿ, ಸೊನ್ನೆ ಒತ್ತೀನಿ, ಆಲು ಆಕಿಸ್ಕಂತೀನಿ. ಸಂಜೆನೂ ಅಷ್ಟೇಯ.”

ಶನಿವಾರ ಸಂಜೆ ನಾನು ಬಸ್ಸು ಹತ್ತಿದೆ. ರತ್ನಮ್ಮನವರ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಉಂಡು ಮಲಗಿದೆ. ಅವರ ಯಜಮಾನರು ಮಿತಭಾಷಿ. “ಯಂತ್ರದ ಕೈಲಿ ಬಾಯಿ ಬಿಡಿಸ್ಬೋದಾ ಮೇಡಂ?” ಎಂದು ಒಂದೇ ಒಂದು ಮಾತು ಕೇಳಿದರು. ನೋಡೋಣ ಎಂದೆ.

ಬೆಳಗ್ಗೆ ಡೈರಿಗೆ ಹೋದೆವು. ಸ್ನಾನ ಮಾಡಿ ತಲೆಗೆ ಟವೆಲ್ ಕಟ್ಟಿಕೊಂಡಿದ್ದ ರತ್ನಮ್ಮ ಬೀಗ ತೆಗೆದರು, ಕಸ ಗುಡಿಸಿದರು. ಆಮೇಲೆ ಒಂದು ಚೊಂಬಿನಲ್ಲಿ ಅರಿಶಿನದ ನೀರು ತಂದು, ಮಾವಿನೆಲೆ ಅದ್ದಿ ತಕ್ಕಡಿಗೆ ಧಾರಾಳವಾಗಿ ಚಿಮುಕಿಸಿದರು. ಮೇಲೆ, ಕೆಳಗೆ, ಸುತ್ತ, ಎಲ್ಲೂ ಬಿಡಲಿಲ್ಲ. ನಾಲ್ಕು ಮೂಲೆಗೂ ಕುಂಕುಮ ಇಟ್ಟು, ಚೆಂಡು ಹೂ ಮುಡಿಸಿ, ಊದುಬತ್ತಿ ಬೆಳಗಿ, ಕೈ ಮುಗಿದರು. ಅನಂತರ ಸ್ವಿಚ್ಚು ಹಾಕಿ, ಬಕೆಟ್ಟು ಇಟ್ಟು, ಅದರ ತೂಕ ಲೆಕ್ಕಕ್ಕೆ ಬಾರದಂತೆ ಸೊನ್ನೆ ಒತ್ತಿದರು. ನಾನು ಬಾಗಿಲಲ್ಲೇ ನಿಂತಿದ್ದೆ.

“ರತ್ನಮ್ಮ, ಇದೇನು?”

“ಯಾವ್ದು ಮೇಡಂ?”

“ಈಗ ಮಾಡಿದ್ದು.”

“ಪೂಜೆ. ಧನುರ್ಮಾಸ ಅಲ್ವಾ? ಬೇರೆ ದಿನ ಒಂದ್ ಬೊಟ್ಟು ಕುಂಕ್ಮ ಇಡ್ತೀನಿ, ಈ ತಿಂಗ್ಳು ದಿನಾ ಇಂಗೆ.”

“ಬೆಳಗ್ಗೆ ಏನೇನು ಮಾಡ್ತೀರಿ ಅಂತ ಅಷ್ಟು ಸಲ ಕೇಳಿದೆನಲ್ಲ?”

ರತ್ನಮ್ಮ ನನ್ನನ್ನು ಕನಿಕರದಿಂದ ನೋಡಿದರು. “ಇದು ಮಾಡೋದಾ ಮೇಡಂ? ಇದು ಪೂಜೆ.”

ಹೊಸಬರಿಗೆ ಇದನ್ನೇ ಹೇಳಬೇಕೆಂದಿದ್ದೆ. ಜನ ಏನನ್ನೂ ಮುಚ್ಚಿಡುವುದಿಲ್ಲ. ಉಸಿರಾಡುವುದನ್ನು ಯಾರೂ ಕೆಲಸ ಎಂದು ಹೇಳುವುದಿಲ್ಲವಲ್ಲ, ಹಾಗೆ ಕೆಲವನ್ನು ಹೇಳುವುದಿಲ್ಲ. ಎಷ್ಟು ಕೇಳಿದರೂ ಪ್ರಯೋಜನವಿಲ್ಲ, ಹೋಗಿ ನಿಂತುಕೊಳ್ಳಬೇಕು.

ತಕ್ಕಡಿಯ ತಟ್ಟೆಯ ಕೆಳಗೆ ಒಂದು ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಬಾಗಿದಷ್ಟಕ್ಕೆ ತಕ್ಕ ಹಾಗೆ ತೀರ ಸಣ್ಣ ವೋಲ್ಟೇಜು ತಂತಿಯಲ್ಲಿ ಹರಿದು ಅಂಕಿ ತೋರಿಸುವ ಡಬ್ಬಿಗೆ ಬರುತ್ತದೆ. ತಂತಿ ಕೂಡುವ ಜಾಗದಲ್ಲಿ ಒಂದು ಹನಿ ಅರಿಶಿನದ ನೀರು ಬಿದ್ದರೂ ಸಾಕು, ಲೆಕ್ಕ ತಪ್ಪುತ್ತದೆ. ಒದ್ದೆಯಾಗಿರುವಾಗಲೇ ಸೊನ್ನೆ ಒತ್ತಿದರೆ, ಬಿಸಿಲೇರಿ ನೀರು ಒಣಗುತ್ತಿದ್ದಂತೆ ಅಂಕಿ ಮೇಲೆ ಹೋಗುತ್ತದೆ. ಖಾಲಿ ಬಕೆಟ್ಟಿಗೂ ಚೂರು ತೂಕ ತೋರಿಸುತ್ತಿತ್ತಂತೆ. ತಳದಲ್ಲಿ ಉಳಿದ ಹಾಲು ಎಂದುಕೊಂಡು ರತ್ನಮ್ಮ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮಧ್ಯಾಹ್ನ ಬಂದ ಕಂಪನಿಯವನಿಗೆ ಸಿಕ್ಕಿದ್ದು ಒಣಗಿದ ತಕ್ಕಡಿ.

ಖಾತ್ರಿ ಮಾಡಿಕೊಳ್ಳಲು ನಾನು ಹೊರಗಿನಿಂದ ಒಂದು ಇಟ್ಟಿಗೆ ತಂದೆ. ಸಾಲು ಕರಗುತ್ತಿದ್ದ ಹಾಗೆ ಆಗಾಗ ಬಕೆಟ್ಟು ಇಳಿಸಿ ಇಟ್ಟಿಗೆ ಇಟ್ಟು ನೋಡುತ್ತಿದ್ದೆ. ಇಟ್ಟಿಗೆ ದಪ್ಪಗಾಗುತ್ತಲೇ ಹೋಯಿತು. ಸಾಲಿನಲ್ಲಿದ್ದವರು ನನ್ನನ್ನೂ ಇಟ್ಟಿಗೆಯನ್ನೂ ನೋಡಿದರು. “ಇಟ್ಗೆನೂ ಡೈರಿಗಾಕ್ತವರಾ ಈಗ?” ಎಂದು ಒಬ್ಬರು ಕೇಳಿದರು. ಕೊನೆಗೆ ಬಂದ ಭಾವನವರ ಹಾಲು ಎಂದಿನಂತೆ ಸೊಗಸಾಗಿ ತೂಗಿತು.

ಎಲ್ಲ ಮುಗಿದ ಮೇಲೆ ತಕ್ಕಡಿ ಮಗುಚಿ ತೋರಿಸಿದೆ. ತಂತಿ ಕೂಡುವ ಕನೆಕ್ಟರಿನ ಸುತ್ತ ಹಳದಿ ಹಕ್ಕಳೆ ಕಟ್ಟಿತ್ತು. ರತ್ನಮ್ಮ ಬಗ್ಗಿ ಬೆರಳಿನಿಂದ ಅದನ್ನು ಮುಟ್ಟಿ ನೋಡಿದರು.

“ಅಂಗಾದ್ರೆ ನಾನೇ ಮಾಡ್ದಂಗಾಯ್ತು.”

“ಬೇಕೂಂತ ಮಾಡಿದ್ದಲ್ಲವಲ್ಲ. ಈಗಲೇ ಒರೆಸಿ, ನೀರು ಇಳಿಯದ ಹಾಗೆ ಅಂಟು ಹಾಕಿಬಿಡ್ತೀನಿ. ಸಭೆಯಲ್ಲಿ ಕನೆಕ್ಟರ್ ಕೆಟ್ಟಿತ್ತು, ಸರಿ ಮಾಡಿದೀವಿ ಅಂದರೆ ಸಾಕು. ಪೂಜೆ ವಿಷಯ ಎತ್ತಬೇಡಿ. ಎತ್ತಿದರೆ, ನೋಡಿ, ಇವಳದೇ ತಪ್ಪು ಅಂತ ಮತ್ತೆ ನಿಮ್ಮ ತಲೆಗೇ ಕಟ್ಟುತ್ತಾರೆ.”

ನಾನು ಒಳ್ಳೆಯ ಸಲಹೆಯನ್ನೇ ಕೊಟ್ಟಿದ್ದೆ, ಈಗಲೂ ಹಾಗೇ ಅಂದುಕೊಂಡಿದ್ದೇನೆ. ರತ್ನಮ್ಮ ಸೆರಗಿನ ತುದಿಯಿಂದ ಹಕ್ಕಳೆ ಕೆರೆಯುತ್ತ ಹೇಳಿದರು:

“ಸುಳ್ಳೇಳಿಲ್ಲ ಅಂತ ತೋರ್ಸಾಕೆ ಸುಳ್ಳೇಳ್ಲಾ ಮೇಡಂ?”

ಸಭೆಯಲ್ಲಿ ಮಾಡಿ ತೋರಿಸಲೆಂದು ಕನೆಕ್ಟರಿಗೆ ಅಂಟು ಹಾಕದೆ ಹಾಗೇ ಬಿಟ್ಟೆವು.

ಸಭೆಗೆ ಊರೇ ಬಂದಿತ್ತು. ಅಧ್ಯಕ್ಷರು ನಾರಾಯಣಪ್ಪ, ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ತಿಮ್ಮಕ್ಕ ಗೋಡೆಗೆ ಒರಗಿ ನೆಲದಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ರತ್ನಮ್ಮ ಎದ್ದು ನಿಂತು, ಯಾರ ಮುಖವನ್ನೂ ನೋಡದೆ, ಅರಿಶಿನದ ನೀರಿನಿಂದ ಹಿಡಿದು ಇಟ್ಟಿಗೆಯವರೆಗೆ ಎಲ್ಲವನ್ನೂ ಹೇಳಿದರು. ಯಾರೂ ನಂಬಲಿಲ್ಲ. ಆಗ ನಾವು ತಕ್ಕಡಿಗೆ ಅರಿಶಿನದ ನೀರು ಚಿಮುಕಿಸಿ, ಸೊನ್ನೆ ಒತ್ತಿ, ಒಂದು ಕೊಡ ನೀರು ಇಟ್ಟು, ಫ್ಯಾನು ಹಾಕಿ ಕಾದೆವು. ಟೀ ಬಂತು. ಸಮಿತಿಯವರು ಟೀ ಕುಡಿದರು, ಕೊಡ ತೂಕ ಹೆಚ್ಚಿಸಿಕೊಂಡಿತು. ಯಾರೂ ಮುಟ್ಟದ ಕೊಡ ಎಲ್ಲರ ಕಣ್ಣೆದುರಿಗೇ ಭಾರವಾಗುವುದನ್ನು ನೋಡಿ ಕೆಲವರು ಟೀ ಲೋಟ ಕೆಳಗಿಟ್ಟರು.

“ಅಂದ್ರೆ ದೇವರ ನೀರಿಂದ ಸಂಘಕ್ಕೆ ಲಾಸ್ ಆಯ್ತು ಅಂತೀರಾ?” ನಾರಾಯಣಪ್ಪ ನನ್ನನ್ನು ಕೇಳಿದರು.

“ನೀರಿಂದ. ದೇವರ ವಿಷಯ ನಮ್ಮ ಸಿಲಬಸ್ಸಿನಲ್ಲಿ ಇಲ್ಲ.”

ಆಮೇಲೆ ಬಹಳ ಚರ್ಚೆಯಾಯಿತು. ಪೂಜೆ ನಿಲ್ಲಿಸಿ ಎನ್ನಲು ಯಾರಿಗೂ ಧೈರ್ಯವಿಲ್ಲ. ತಕ್ಕಡಿಗೆ ಬೇಡ, ಮೇಜಿನ ಕಾಲಿಗೆ ಮಾಡಲಿ ಎಂದರು ಒಬ್ಬರು. ಮೊದಲು ಬಂದವರಿಗೆ ನಷ್ಟವೇ ಆಗಿಲ್ಲ, ಅವರ ತೂಕ ಸರಿಯಾಗಿಯೇ ಇತ್ತು, ಕೊನೆಯವರಿಗೆ ಮಾತ್ರ ಹೆಚ್ಚು ಹೋಗಿದೆ, ಅದಕ್ಕೇ ಲಾರಿಯಲ್ಲಿ ಕಡಿಮೆ ಬಂದಿದೆ ಎಂದು ನಾನು ವಿವರಿಸಿದೆ. ಇದನ್ನು ಕೇಳಿ ಎಲ್ಲರೂ ಭಾವನವರ ಕಡೆ ತಿರುಗಿದರು. ಅವರು ಫ್ಯಾನು ನೋಡುತ್ತಿದ್ದರು. ಕೊನೆಗೆ ರತ್ನಮ್ಮ ಕೆಲಸದಲ್ಲಿ ಮುಂದುವರಿಯಲಿ, ಇನ್ನು ಮುಂದೆ ಅಂಕಿ ಕಾಣುವ ಡಬ್ಬಿಯನ್ನು ಹಾಲು ಹಾಕುವವರ ಕಡೆ ತಿರುಗಿಸಿ ಇಡಬೇಕು, ಪ್ರತಿಯೊಬ್ಬರೂ ತಾವೇ ನೋಡಿಕೊಳ್ಳಬೇಕು ಎಂದು ತೀರ್ಮಾನವಾಯಿತು.

ತೀರ್ಮಾನ ರತ್ನಮ್ಮನ ಪರವಾಗಿಯೇ ಇತ್ತು. ಆದರೆ ಮನೆಗೆ ಬಂದ ಮೇಲೆ ಅವರ ಮುಖ ಗೆಲುವಾಗಿರಲಿಲ್ಲ.

“ಡಬ್ಬಿ ಅವ್ರ ಕಡೆ ತಿರುಗ್ಸಿ ಮಡಗು ಅಂದ್ರೆ ಏನರ್ತ ಮೇಡಂ? ನಿನ್ ಬಾಯಿ ನಂಬಲ್ಲ ಅಂತ ತಾನೇ?” ಎಂದರು. “ತಿಮ್ಮಕ್ಕ ಒಂದ್ ಮಾತೂ ಆಡ್ದೆ ಎದ್ದೋದ್ರು. ನೋಡಿದ್ರಾ?”

ನೋಡಿದ್ದೆ. ಸೋಮವಾರಕ್ಕೆ ರಜೆ ಹಾಕಿ ಅಲ್ಲೇ ಉಳಿದೆ.

ಮಾರನೆ ಬೆಳಗ್ಗೆ ತಕ್ಕಡಿ ಒಣಗಿತ್ತು. ಕನೆಕ್ಟರಿಗೆ ಅಂಟು ಹಾಕಿದ್ದೆ. ಅರಿಶಿನ ಕುಂಕುಮ ಹೊಸಿಲಿಗೆ ಸಂದಿತ್ತು. ರತ್ನಮ್ಮ ಡಬ್ಬಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟು, ತಾವು ಅದರ ಬೆನ್ನ ಹಿಂದೆ ಕೂತರು. ಅಂಕಿ ಅವರಿಗೆ ಕಾಣುತ್ತಿರಲಿಲ್ಲ, ನೋಡಬೇಕಾದರೆ ಬಗ್ಗಿ ಇಣುಕಬೇಕಿತ್ತು.

ಮಂಜಿನಲ್ಲಿ ಮೊದಲು ಬಂದವರು ತಿಮ್ಮಕ್ಕ. ಒಂದು ವರ್ಷದಿಂದ ಆ ಹೊಸಿಲು ತುಳಿಯದವರು. ಅವರ ಹಿಂದೆ ಸಾಲು ಕಟ್ಟುತ್ತಿತ್ತು. ತಿಮ್ಮಕ್ಕ ಕ್ಯಾನಿನ ಹಾಲನ್ನು ಬಕೆಟ್ಟಿಗೆ ಸುರಿದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರ ಮುಂದೆ ಕೆಂಪು ಅಂಕಿಗಳು ಉರಿಯುತ್ತಿದ್ದವು. ಅವರು ಆ ಕಡೆ ನೋಡಲೇ ಇಲ್ಲ.

“ಅದನ್ನ ಅತ್ಲಾಗೆ ತಿರುಗ್ಸಮ್ಮೀ,” ಎಂದರು.

“ಸಂಘದೋರು ಇಂಗೇ ಮಡಗು ಅಂದವ್ರೆ ತಿಮ್ಮಕ್ಕಾ.”

“ಅಂದ್ರೆ ಅನ್ನಲಿ. ನಂಗೆ ಅಕ್ಸರ ಬರಲ್ಲ, ಅಂಕಿನೂ ಬರಲ್ಲ. ಅದನ್ನ ನೋಡಿ ನಾನೇನ್ ಮಾಡ್ಲಿ? ನಿನ್ ಕಡೆ ತಿರುಗ್ಸು. ನೀನೇ ಓದೇಳು.”

ರತ್ನಮ್ಮ ಡಬ್ಬಿಯನ್ನು ತಿರುಗಿಸಿದರು. ಓದಲು ಬಾಯಿ ತೆರೆದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ನೋಡಿದರು. ಸಾಲಿನವರು ಕಾದರು. ನಾನು ಗೋಡೆಯ ಕಡೆ ತಿರುಗಿ, ಸರಿಯಾಗಿಯೇ ಇದ್ದ ಪ್ಲಗ್ಗನ್ನು ಇನ್ನೊಮ್ಮೆ ಸರಿಮಾಡಿದೆ.

ಕೊನೆಗೆ ರತ್ನಮ್ಮ ತೂಕ ಹೇಳಿದರು.

“ಬರ್ಕೋ ಮತ್ತೆ,” ಎಂದು ತಿಮ್ಮಕ್ಕ ಖಾಲಿ ಕ್ಯಾನು ಎತ್ತಿಕೊಂಡರು.